ಸ್ವಂತ ಜಮೀನಿನ ಮರಗಳಿಗೆ ಊರಿನವರದೇ ಕಟ್ಟುಪಾಡು



ಅರಣ್ಯ ರಕ್ಷಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ದೃಷ್ಟಿ ಸರ್ಕಾರಿ ಕಾಡಿನ ಕಡೆಗೆ ಹೋಗುವುದು ಸಹಜ. ಆದರೆ ಮಲೆನಾಡಿನಲ್ಲಿ ಬೇಲಿಯ ಈಚೆಗೂ ಮರಗಳಿವೆ. ಕಾಫಿ ತೋಟದ ನೆರಳು ಮರಗಳು, ಅಡಿಕೆ ತೋಟದ ನೆತ್ತಿಯ ಮೇಲಿನ ಬೆಟ್ಟ, ಬಾಣೆ, ಹಳ್ಳದ ದಂಡೆಯ ಹೊಂಗೆ, ಅತ್ತಿ, ಬಸರಿ, ಇವೆಲ್ಲ ನಮ್ಮ ನಿಮ್ಮ ಅನುಭವದಲ್ಲಿರುವ ಜಾಗಗಳಲ್ಲಿಯೇ ನಿಂತಿವೆ. ಇವು ಉಳಿಯುವುದೂ ಉರುಳುವುದೂ ಬಹುಮಟ್ಟಿಗೆ ತೋಟದ ಯಜಮಾನನ ಒಂದು ಸಂಜೆಯ ತೀರ್ಮಾನವನ್ನು ಅವಲಂಬಿಸಿದೆ. ಅಂದು ಮರದ ವ್ಯಾಪಾರಿ ಮನೆಯ ಜಗಲಿಯಲ್ಲಿ ಕುಳಿತಿರುತ್ತಾನೆ. ಮನೆಯಲ್ಲಿ ಮದುವೆಯೋ, ಆಸ್ಪತ್ರೆಯ ಖರ್ಚೋ, ಸಾಲದ ಕಂತೋ ಇರುತ್ತದೆ.

ಇಂತಹ ಮರಗಳನ್ನು ಉಳಿಸಲು ಕಾನೂನು ಎಷ್ಟು ಮಾಡಬಲ್ಲದು, ಜನರು ತಾವಾಗಿ ಮುಂದೆ ಬಂದು ಎಲ್ಲೆಲ್ಲಿ ಏನು ಮಾಡಿದ್ದಾರೆ, ನಮ್ಮಂತಹ ಸಣ್ಣ ಹಿಡುವಳಿದಾರರು ಏನು ಮಾಡಬಹುದು ಎಂಬ ಮೂರು ವಿಷಯಗಳನ್ನು ಈ ಪಾಠದಲ್ಲಿ ವಿವೇಚಿಸಲಾಗಿದೆ.

1. ಮರ ಹೋದರೆ ಹೋಗುವುದೇನು?

ನಮ್ಮ ಬೆಳೆಯ ಲೆಕ್ಕದಿಂದಲೇ ಆರಂಭಿಸೋಣ. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕವು ಎಂತಹ ಶತ್ರು ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಈ ದುಂಬಿಯು ಬಿಸಿಲು ಬೀಳುವ ಕಾಂಡದ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಡುತ್ತದೆ. ಆದುದರಿಂದಲೇ ನೆರಳು ತೆಳುವಾದ ತೋಟದಲ್ಲಿ ಅದರ ಹಾವಳಿ ಹೆಚ್ಚು. ದೊಡ್ಡ ಮರ ಮಾರಿ ಬಂದ ಹಣ ಮುಂದಿನ ನಾಲ್ಕಾರು ವರ್ಷಗಳಲ್ಲಿ ಗಿಡ ಕಿತ್ತು ಸುಡುವುದಕ್ಕೂ ಮರುನಾಟಿಗೂ ಹೋದರೆ ಲಾಭವಾದುದು ಯಾರಿಗೆ?

ಅಡಿಕೆಯ ವಿಷಯವೂ ಹೀಗೆಯೇ. ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಮರಗಳನ್ನು ತೆಗೆದರೆ ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ಅಡಿಕೆ ಮರದ ಕಾಂಡಕ್ಕೆ ಹೊಡೆಯುತ್ತದೆ. ಕಾಂಡ ಸುಟ್ಟು, ಸೀಳಿ, ಗಾಳಿಗೆ ಮುರಿಯುತ್ತದೆ. ಇದರ ಮೇಲೆ ಬೆಟ್ಟದಿಂದ ಬರುವ ಸೊಪ್ಪು, ದರಗು ಕಡಿಮೆಯಾಗುತ್ತದೆ. ಕಣಿವೆಯ ತೋಟಕ್ಕೆ ಬೇಸಿಗೆಯಲ್ಲಿ ಇಳಿದುಬರುವ ನೀರೂ ಕಡಿಮೆಯಾಗುತ್ತದೆ.

ಮೂರನೆಯದು ಇಳಿಜಾರಿನ ಮಣ್ಣು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟ ಜರಿದುದನ್ನು ನಾವೆಲ್ಲ ಬಲ್ಲೆವು. ಇಂತಹ ಅನಾಹುತಕ್ಕೆ ಮೊದಲ ಕಾರಣ ಎಡೆಬಿಡದ ಮಳೆ. ದಟ್ಟ ಕಾಡಿದ್ದ ಕಡೆಯೂ ಬೆಟ್ಟ ಕುಸಿದಿರುವುದುಂಟು; ಆದುದರಿಂದ ಮರವಿದ್ದರೆ ಸಾಕು, ಭಯವಿಲ್ಲ ಎಂದು ಹೇಳುವಂತಿಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಮರ ಕಡಿದ ವರ್ಷ ಬೇರು ಮಣ್ಣನ್ನು ಹಿಡಿದೇ ಇರುತ್ತದೆ. ಅನಂತರ ಅದು ನಿಧಾನವಾಗಿ ಕೊಳೆಯುತ್ತದೆ. ಹೊಸ ಮರದ ಬೇರು ಆ ಜಾಗವನ್ನು ತುಂಬುವ ಮೊದಲು ಕೆಲವು ವರ್ಷಗಳ ಕಾಲ ಇಳಿಜಾರು ಅತ್ಯಂತ ದುರ್ಬಲವಾಗಿರುತ್ತದೆ. ಮರ ಕಡಿದಾಗ ಏನೂ ಆಗಲಿಲ್ಲವಲ್ಲ ಎಂದು ನಾವು ನಿಶ್ಚಿಂತರಾಗಿರುವಾಗಲೇ ಧರೆ ಜರಿಯುವುದು ಈ ಕಾರಣದಿಂದ. ಜರಿದ ಮಣ್ಣು ಸರ್ವೆ ನಂಬರು ನೋಡಿಕೊಂಡು ನಿಲ್ಲುವುದಿಲ್ಲ. ಕೆಳಗಿನವನ ತೋಟಕ್ಕೇ ಬರುತ್ತದೆ. ಒಬ್ಬನ ಮರ ನೆರೆಯವನ ವಿಷಯವೂ ಆಗುವುದು ಇಲ್ಲಿಯೇ.

2. ಕಾನೂನು ಏನು ಮಾಡುತ್ತದೆ?

ಕರ್ನಾಟಕದಲ್ಲಿ ಖಾಸಗಿ ಜಮೀನಿನ ಮರ ಕಡಿಯುವುದನ್ನು ಮುಖ್ಯವಾಗಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮವು ನಿಯಂತ್ರಿಸುತ್ತದೆ. ವೃಕ್ಷಾಧಿಕಾರಿಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆದೇ ಕಡಿಯಬೇಕು. ಕಡಿದುದಕ್ಕೆ ಬದಲಾಗಿ ಸಸಿ ನೆಡಬೇಕೆಂದು ಅಧಿಕಾರಿಯು ಷರತ್ತು ವಿಧಿಸಬಹುದು. ಆದರೆ ಕೆಲವು ಜಾತಿಗಳಿಗೆ ಈ ಅನುಮತಿ ಬೇಕಿಲ್ಲ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್, ತೆಂಗು ಇಂತಹವು.

ಈ ವಿನಾಯಿತಿಯ ಹಿಂದಿನ ಉದ್ದೇಶ ಒಳ್ಳೆಯದೇ. ರೈತ ತಾನು ನೆಟ್ಟು ಬೆಳೆಸಿದ್ದನ್ನು ಕಡಿಯಲು ಕಚೇರಿಗೆ ಅಲೆಯಬಾರದು. ಆದರೆ ಕಾಫಿ ಸೀಮೆಯಲ್ಲಿ ಆದ ಪರಿಣಾಮವೇನು? ಬೀಟೆ, ಹೊನ್ನೆ, ನಂದಿ, ಹೆಬ್ಬಲಸು ಬೆಳೆಸಿದವನಿಗೆ ಅನುಮತಿಯ ತಾಪತ್ರಯ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಬೆಳೆಸಿದವನಿಗೆ ಅದಿಲ್ಲ. ಬೇಗ ಬೆಳೆಯುತ್ತದೆ, ನೇರವಾಗಿರುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕಾದಾಗ ಕಡಿಯಬಹುದು. ಹೀಗಾಗಿ ಮರಗಸಿಯ ಸಮಯದಲ್ಲಿ ಕಾಡುಮರದ ಸಸಿಯನ್ನು ಸವರಿಹಾಕಿ ಓಕ್ ಸಸಿಯನ್ನು ಉಳಿಸುವುದು ರೂಢಿಯಾಯಿತು. ದೊಡ್ಡ ಮರವನ್ನು ಕಾನೂನು ಕಾಯುತ್ತದೆ ಎನ್ನೋಣ. ನಾಳೆ ದೊಡ್ಡದಾಗಬೇಕಾದ ಸಸಿಯನ್ನು ಕಾಯುವವರು ಯಾರು? ಅದು ಯಜಮಾನನ ಮನಸ್ಸಿನಿಂದಲೇ ಆಗಬೇಕು.

ಜಮೀನಿನ ಹಕ್ಕಿನ ಸ್ವರೂಪವನ್ನೂ ತಿಳಿದಿರಬೇಕು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆ ಮೈಸೂರಿನ ಕಾನು, ಸೊಪ್ಪಿನಬೆಟ್ಟ, ಕೊಡಗಿನ ಜಮ್ಮಾ, ಬಾಣೆ ಮುಂತಾದ ಜಾಗಗಳ ಹಿಂದಿನ ಸವಲತ್ತುಗಳನ್ನು ಮುಂದುವರಿಸಿದೆ. ಸವಲತ್ತು ಬೇರೆ, ಪೂರ್ಣ ಒಡೆತನ ಬೇರೆ. ಸೊಪ್ಪು, ದರಗು ತರುವ ಹಕ್ಕಿದ್ದ ಮಾತ್ರಕ್ಕೆ ನಾಟಾ ಮಾರುವ ಹಕ್ಕು ಬಂತೆಂದು ತಿಳಿಯಬಾರದು. ಕೊಡಗಿನಲ್ಲಿ ಜಮೀನು ರಿಡೀಮ್ಡ್ ಆಗಿದೆಯೇ, ಅನ್‌ರಿಡೀಮ್ಡ್ ಆಗಿದೆಯೇ ಎಂಬುದರ ಮೇಲೆ ಮರದ ಬೆಲೆಯಲ್ಲಿ ಸರ್ಕಾರದ ಹಕ್ಕು ನಿಂತಿದೆ. ಆದುದರಿಂದ ಯಾವ ಮಾತಿಗೂ ಮೊದಲು ಪಹಣಿ, ಹಕ್ಕುಪತ್ರಗಳನ್ನು ಓದಿಕೊಳ್ಳುವುದು ಕ್ಷೇಮ.

1996ರ ಡಿಸೆಂಬರ್ 12ರಂದು ಗೋದವರ್ಮನ್ ತಿರುಮುಲ್‌ಪಾಡ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶವೂ ನಮಗೆ ಸಂಬಂಧಿಸಿದ್ದು. ನಿಘಂಟಿನ ಅರ್ಥದಲ್ಲಿ ಯಾವುದು ಅರಣ್ಯವೋ ಅದು, ಒಡೆತನ ಯಾರದೇ ಆಗಿರಲಿ, ಅರಣ್ಯವೇ ಎಂದು ಆ ಆದೇಶ ಹೇಳಿತು. ನೀಲಗಿರಿಯ ಗೂಡಲೂರಿನ ಕಾಡು ನಾಶವಾಗುತ್ತಿದೆಯೆಂದು ಒಬ್ಬ ಪ್ರಜೆ ಸಲ್ಲಿಸಿದ ಅರ್ಜಿಯಿಂದ ಇಡೀ ದೇಶದ ಅರಣ್ಯ ಆಡಳಿತ ಬದಲಾಯಿತೆಂಬುದು ಗಮನಿಸತಕ್ಕ ಸಂಗತಿ.

3. ಜನರು ತಾವಾಗಿ ಮಾಡಿದ ಕೆಲಸ

ನಮ್ಮ ನಾಡಿನಲ್ಲಿ ಇದು ಹೊಸ ವಿಚಾರವಲ್ಲ. ಕೊಡಗಿನಲ್ಲಿ 1,214 ದೇವರಕಾಡುಗಳು ಲೆಕ್ಕಕ್ಕೆ ಸಿಕ್ಕಿವೆ. ಅಲ್ಲಿ ಕೊಡಲಿ ಹಾಕಬಾರದೆಂಬ ನಿಯಮವನ್ನು ಊರಿನವರೇ ಮಾಡಿ ತಲೆಮಾರುಗಳಿಂದ ನಡೆಸಿಕೊಂಡು ಬಂದರು. ಒತ್ತುವರಿಯಿಂದ ಅವುಗಳ ವಿಸ್ತೀರ್ಣ ಬಹಳ ಕುಗ್ಗಿದೆ ಎಂಬುದೂ ನಿಜ. ಊರಿನ ನಿಗಾ ಸಡಿಲವಾದ ಕಡೆ ದೇವರ ಹೆಸರೊಂದೇ ಕಾಡನ್ನು ಕಾಯಲಿಲ್ಲ.

ಎರಡನೆಯ ಉದಾಹರಣೆ ಅಡಿಕೆ ಬೆಳೆಗಾರರದೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಾಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ಬೆಳೆಸಿದ ಈ ಅಪ್ಪಿಕೋ ಚಳವಳಿಗೆ ಹಿಮಾಲಯದ ಚಿಪ್ಕೋ ಮೇಲ್ಪಂಕ್ತಿಯಾಗಿತ್ತು. ಆ ಕಾಡು ಸರ್ಕಾರದ್ದು, ನಿಂತವರು ತೋಟಗಾರರು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಪದ್ಧತಿಯಿದೆ. ಕಾಡಿಲ್ಲದೆ ತೋಟವಿಲ್ಲ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಅವರು ಧ್ಯೇಯವಾಗಿಟ್ಟುಕೊಂಡರು. ಮೂರನೆಯ ಮಾತನ್ನು ವಿಶೇಷವಾಗಿ ನೋಡಿರಿ. ಮರವನ್ನು ಮುಟ್ಟಲೇಬಾರದೆಂದು ಅವರು ಹೇಳಲಿಲ್ಲ. ಮಿತಿಯರಿತು ಬಳಸಬೇಕೆಂದರು. ಕಟ್ಟುಪಾಡಿನ ತಿರುಳು ಇದೇ.

ಮೂರನೆಯದು ಬಯಲುಸೀಮೆಯ ಉದಾಹರಣೆಯಾದರೂ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಿಸೆ, ಅರಳಿ, ಅತ್ತಿ ಮರಗಳಲ್ಲಿ. ಹುಣಿಸೆ ಮರವೆಂದರೆ ಮಾಲೀಕನಿಗೆ ಆದಾಯ. ಹಕ್ಕಿ ಗೂಡು ಕಟ್ಟಿದರೆ ಕಾಯಿ ಕೀಳುವಂತಿಲ್ಲ. ಊರಿನವರು ಹಿಕ್ಕೆಯ ಗೊಬ್ಬರದಿಂದ ತೃಪ್ತರಾಗಿ ಬಹುಕಾಲ ಹಕ್ಕಿಗಳನ್ನು ಸೈರಿಸಿದರು. ಮುಂದೆ ಅರಣ್ಯ ಇಲಾಖೆಯು ಮರದ ಮಾಲೀಕರಿಗೆ ನಷ್ಟಕ್ಕೆ ತಕ್ಕಂತೆ ಪರಿಹಾರ ಕೊಡುವ ಏರ್ಪಾಟು ಮಾಡಿತು. 1994ರಿಂದೀಚೆಗೆ ಮೈಸೂರಿನ ಹವ್ಯಾಸಿ ನಿಸರ್ಗ ಪ್ರೇಮಿಗಳ ಜೊತೆಗೂಡಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕಿಳಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಮೊದಲು ಜನರ ಒಪ್ಪಿಗೆ, ಆಮೇಲೆ ಮಾಲೀಕನ ನಷ್ಟದ ಲೆಕ್ಕ, ಕೊನೆಯಲ್ಲಿ ಸರ್ಕಾರದ ಮುದ್ರೆ. ಈ ಕ್ರಮವನ್ನು ನೆನಪಿನಲ್ಲಿಡಿರಿ.

ಸಮುದಾಯ ಮೀಸಲು ಎಂಬುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ಅವಕಾಶ. ಖಾಸಗಿ ಅಥವಾ ಸಮುದಾಯದ ಜಮೀನಿನವರು ತಾವಾಗಿ ಮುಂದೆ ಬಂದರೆ ಮಾತ್ರ ಇದು ಅನ್ವಯ. ಒಡೆತನ ಮಾಲೀಕನಲ್ಲಿಯೇ ಉಳಿಯುತ್ತದೆ. ಆದರೆ ಒಮ್ಮೆ ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಚೆನ್ನಾಗಿ ಓದಿ, ಮನೆಯವರೆಲ್ಲ ಒಪ್ಪಿದ ಮೇಲೆ ಯೋಚಿಸಬೇಕಾದ ದಾರಿ ಇದು.

ನಾಲ್ಕನೆಯದು ದಕ್ಷಿಣ ಕೊಡಗಿನ ತೆರಾಲು. ಅನಿಲ್ ಮಲ್ಹೋತ್ರ ಮತ್ತು ಪಮೇಲಾ ದಂಪತಿಗಳು 1991ರಲ್ಲಿ 55 ಎಕರೆ ಜಮೀನು ಕೊಂಡು ಕಾಡಾಗಲು ಬಿಟ್ಟರು. ಬಿಟ್ಟುಹೋದ ಕಾಫಿ, ಏಲಕ್ಕಿ ಜಮೀನುಗಳನ್ನು ಸೇರಿಸುತ್ತ ಅದು ಸುಮಾರು 300 ಎಕರೆಯಾಯಿತು. ಇದು ಮೆಚ್ಚತಕ್ಕ ಕಾರ್ಯ. ಆದರೆ ಮೂರು, ನಾಲ್ಕು ಎಕರೆಯಲ್ಲಿ ಸಂಸಾರ ಸಾಗಿಸುವ ನಾವು ತೋಟವನ್ನು ಕಾಡಾಗಲು ಬಿಡುವಂತಿಲ್ಲ. ತೋಟವೂ ನಡೆಯಬೇಕು, ಮರವೂ ಉಳಿಯಬೇಕು. ಒಬ್ಬೊಬ್ಬರಿಗೆ ಆಗದ್ದು ಹತ್ತು ಮಂದಿ ಸೇರಿದರೆ ಆದೀತು.

4. ಅಳತೆ ತಿಳಿದರೆ ಅರ್ಧ ಮರ ಉಳಿದಂತೆ

ಹಣದ ತುರ್ತಿನಲ್ಲಿರುವ ಬೆಳೆಗಾರ ಮರಗಳನ್ನು ಸಾಮಾನ್ಯವಾಗಿ ನಿಂತ ಮರದ ಲೆಕ್ಕದಲ್ಲಿ, ಕಣ್ಣಂದಾಜಿಗೆ ಮಾರುತ್ತಾನೆ. ಎರಡು ಮರದಿಂದ ಬರಬೇಕಾದ ಹಣಕ್ಕೆ ಮೂರು, ನಾಲ್ಕು ಮರ ಹೋಗುವುದು ಇಲ್ಲಿಯೇ. ಆದುದರಿಂದ ದಿಮ್ಮಿಯ ಅಳತೆಯನ್ನು ಪ್ರತಿಯೊಬ್ಬ ಸದಸ್ಯನೂ ಕಲಿಯತಕ್ಕದ್ದು.

ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಅಡಿಗಳಲ್ಲಿ ತೆಗೆದುಕೊಳ್ಳಿ. ಅದನ್ನು 4ರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ. ಬರುವುದು ಘನ ಅಡಿ. ಉದಾಹರಣೆಗೆ ಸುತ್ತಳತೆ 6 ಅಡಿ, ಉದ್ದ 16 ಅಡಿ ಇದ್ದರೆ, 6ನ್ನು 4ರಿಂದ ಭಾಗಿಸಿದರೆ ಒಂದೂವರೆ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25, 16ರಿಂದ ಗುಣಿಸಿದರೆ 36 ಘನ ಅಡಿ.

ಇಲ್ಲಿ ಎರಡು ವಿಷಯ ಗಮನಿಸಿ. ಆ ದಿಮ್ಮಿಯ ನಿಜವಾದ ಗಾತ್ರ ಸುಮಾರು 46 ಘನ ಅಡಿ. ಈ ಸೂತ್ರವೇ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ಕೊಯ್ತದ ನಷ್ಟಕ್ಕೆಂದು ಬಿಟ್ಟುಬಿಡುತ್ತದೆ. ಹೀಗಿರುವಾಗ ಕೊಯ್ತದ ನಷ್ಟವೆಂದು ವ್ಯಾಪಾರಿ ಇನ್ನೊಮ್ಮೆ ಕಳೆದರೆ ಒಪ್ಪಬೇಕಾಗಿಲ್ಲ. ಎರಡನೆಯದಾಗಿ, ಟೇಪನ್ನು ಬಿಗಿದು ಎಳೆದು ಸುತ್ತಳತೆಯನ್ನು ಐದೂವರೆ ಅಡಿ ಎಂದು ಬರೆದರೆ ಲೆಕ್ಕ 30.25 ಘನ ಅಡಿಗೆ ಇಳಿಯುತ್ತದೆ. ಅರ್ಧ ಅಡಿಯ ವ್ಯತ್ಯಾಸಕ್ಕೆ ಸುಮಾರು ಆರು ಘನ ಅಡಿ ಮರ ಪುಕ್ಕಟೆ ಹೋಯಿತು. ಇಬ್ಬರು ನೆರೆಯವರ ಎದುರಿಗೆ ಅಳೆದರೆ ಈ ಪ್ರಸಂಗ ಬಾರದು.

5. ಕಟ್ಟುಪಾಡಿನ ಕರಡು

ಒಂದೇ ಹಳ್ಳಕ್ಕೆ ನೀರು ಹರಿಸುವ ಎಂಟು ಹತ್ತು ತೋಟದವರು ಸೇರಿ ಒಂದು ಗುಂಪು ಮಾಡಿಕೊಳ್ಳಬಹುದು. ಗ್ರಾಮದ ಗಡಿಗಿಂತ ಹಳ್ಳದ ಗಡಿ ಈ ಕೆಲಸಕ್ಕೆ ಒಳ್ಳೆಯದು. ಏಕೆಂದರೆ ಲಾಭನಷ್ಟ ಹರಿಯುವುದು ನೀರಿನ ಜೊತೆಯಲ್ಲಿ. ಚರ್ಚೆಗಾಗಿ ಈ ಕೆಳಗಿನ ಅಂಶಗಳನ್ನು ಸೂಚಿಸಲಾಗಿದೆ.

(ಅ) ಪ್ರತಿ ತೋಟದ ದೊಡ್ಡ ಮರಗಳ ಪಟ್ಟಿ ಮಾಡುವುದು. ಜಾತಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ, ಇರುವ ಜಾಗ. ಒಂದು ಪ್ರತಿ ಮಾಲೀಕನಲ್ಲಿ, ಒಂದು ಸಂಘದಲ್ಲಿ.

(ಆ) ಹಳ್ಳದ ಎರಡೂ ದಂಡೆಗಳಲ್ಲಿ, ಅಬ್ಬಿ, ಕೆರೆಗಳ ಸುತ್ತ ಇಷ್ಟು ಅಡಿ ಎಂದು ಗೊತ್ತುಮಾಡಿ, ಅದರೊಳಗೆ ಒಣಗಿದ ಅಥವಾ ಅಪಾಯದ ಮರ ಬಿಟ್ಟು ಬೇರೆ ಕಡಿಯದಿರುವುದು.

(ಇ) ಕಡಿದಾದ ಇಳಿಜಾರಿನಲ್ಲಿ ಒಂದೆಡೆ ಒಮ್ಮೆಗೇ ಬೋಳು ಮಾಡದೆ ಅಲ್ಲೊಂದು ಇಲ್ಲೊಂದು ಮರವನ್ನು ಮಾತ್ರ ತೆಗೆಯುವುದು, ಬುಡ ಕೀಳದಿರುವುದು, ದಿಮ್ಮಿ ಸಾಗಿಸಲು ಜೆ.ಸಿ.ಬಿ.ಯಿಂದ ಹೊಸ ದಾರಿ ಕಡಿಯದಿರುವುದು.

(ಈ) ಪ್ರತಿ ಕಾಡುಜಾತಿಯ ಕೆಲವು ಒಳ್ಳೆಯ ಮರಗಳನ್ನು ಬೀಜಕ್ಕೆಂದು ಶಾಶ್ವತವಾಗಿ ಬಿಡುವುದು. ಮರಗಸಿಯ ಮೊದಲು, ಉಳಿಸಬೇಕಾದ ಕಾಡುಸಸಿಗಳಿಗೆ ಸುಣ್ಣದ ಗುರುತು ಹಾಕಿ ಆಳುಗಳಿಗೆ ತೋರಿಸುವುದು. ಖರ್ಚಿಲ್ಲದ, ಎಲ್ಲಕ್ಕಿಂತ ಫಲ ಕೊಡುವ ಕೆಲಸ ಇದು.

(ಉ) ಕಡಿಯಬೇಕಾದಾಗ ಗುಂಪಿಗೆ ಮೊದಲು ತಿಳಿಸುವುದು; ಕಾಲ, ಬೀಳಿಸುವ ದಿಕ್ಕು, ಅಳತೆ ಎಲ್ಲವೂ ಇಬ್ಬರು ನೆರೆಯವರ ಎದುರಿಗೆ. ಒಂದು ಕಡಿದರೆ ಮೂರು ಕಾಡುಜಾತಿಯ ಸಸಿ ನೆಟ್ಟು ಮೂರು ವರ್ಷ ನೋಡಿಕೊಳ್ಳುವುದು.

(ಊ) ತುರ್ತು ಹಣಕ್ಕಾಗಿ ಮರ ಮಾರಲು ಹೊರಟ ಸದಸ್ಯನಿಗೆ ಬೆಳೆಯ ಆಧಾರದ ಮೇಲೆ ಸಂಘದಿಂದ ಮುಂಗಡ ಸಿಗುವಂತೆ ಆದ್ಯತೆ ಕೊಡುವುದು. ಈ ಅಂಶವಿಲ್ಲದಿದ್ದರೆ ಉಳಿದವೆಲ್ಲ ಕಾಗದದ ಮೇಲೆ ಉಳಿದಾವು. ಬಡವನ ಮರವನ್ನು ಉಪದೇಶದಿಂದ ಉಳಿಸಲಾಗದು.

(ಋ) ಮನೆ ಪಾಲಾಗುವಾಗ ನೆತ್ತಿಯ ಬೆಟ್ಟವನ್ನೂ ಹಳ್ಳದ ದಂಡೆಯನ್ನೂ ಹಂಚದೆ ಎಲ್ಲರ ಸಾಮಾನ್ಯ ಹಕ್ಕಿಗೆ ಉಳಿಸಿ ಪಾಲುಪಟ್ಟಿಯಲ್ಲಿ ಬರೆಸುವುದು.

ಈ ಕಟ್ಟುಪಾಡು ಕಾನೂನಿನ ಅನುಮತಿಗೆ ಬದಲಿಯಲ್ಲ. ಅನುಮತಿ, ರಹದಾರಿ ಬೇಕಾದಲ್ಲಿ ಪಡೆಯಲೇಬೇಕು. ಹಾಗೆಯೇ ಸಹಿ ಹಾಕಿದ ಕಾಗದ ನಾಳೆ ಜಮೀನು ಕೊಂಡವನನ್ನು ತಾನಾಗಿ ಕಟ್ಟಿಹಾಕುವುದಿಲ್ಲ. ಆದುದರಿಂದ ಜಮೀನು ಮಾರುವವರು ಮೊದಲು ಗುಂಪಿನವರಿಗೆ ತಿಳಿಸಿ, ಕೊಳ್ಳುವವನಿಗೂ ಕಟ್ಟುಪಾಡನ್ನು ಓದಿ ಹೇಳುವ ಪದ್ಧತಿ ಬೆಳೆಯಬೇಕು. 2002ರ ಜೀವವೈವಿಧ್ಯ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ನಮ್ಮ ಮರಗಳ ಪಟ್ಟಿಯನ್ನು ಅಲ್ಲಿಯ ದಾಖಲೆಗೂ ಕೊಟ್ಟರೆ ಒಂದು ಆಧಾರವಾಗುತ್ತದೆ.

6. ಒಂದು ಭಯ, ಅದಕ್ಕೆ ಉತ್ತರ

ಮರ ಹೆಚ್ಚು ಬಿಟ್ಟರೆ ನಾಳೆ ಜಮೀನೇ ಅರಣ್ಯವೆಂದು ಹೋದೀತು ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಈ ಭಯವನ್ನು ಹಗುರವಾಗಿ ಕಾಣಬಾರದು. 1996ರ ಆದೇಶ, 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ, 2014ರಿಂದ ಮತ್ತೆ ಮತ್ತೆ ಹೊರಟು 2024ರ ಜುಲೈ 31ರಂದು ಆರನೆಯ ಬಾರಿ ಬಂದ ಕರಡು ಅಧಿಸೂಚನೆ, ಇವೆಲ್ಲ ಬೆಳೆಗಾರನ ನಿದ್ದೆ ಕೆಡಿಸಿವೆ. ಆ ಕೊನೆಯ ಕರಡಿನಲ್ಲಿ ಕರ್ನಾಟಕದ್ದೇ 20,668 ಚದರ ಕಿಲೋಮೀಟರ್ ಸೇರಿತ್ತು.

ಆದರೆ ಭಯದಿಂದ ಮರ ಕಡಿದವನಿಗೆ ಉಳಿಯುವುದು ಕೊರಕ ಹಿಡಿದ ಗಿಡ, ಬತ್ತಿದ ಹಳ್ಳ. ದಾಖಲೆ ಸರಿಯಾಗಿಟ್ಟು, ಇದು ನಾವು ಬೆಳೆ ತೆಗೆಯುವ ತೋಟ, ಇಷ್ಟು ಮರಗಳನ್ನು ಈ ನಿಯಮದಂತೆ ನಾವೇ ಕಾಯುತ್ತಿದ್ದೇವೆ ಎಂದು ಲೆಕ್ಕಸಮೇತ ತೋರಿಸಬಲ್ಲ ಊರು ಯಾವ ಅಧಿಕಾರಿಯ ಮುಂದೆಯೂ ಧೈರ್ಯವಾಗಿ ಮಾತನಾಡಬಲ್ಲದು. ನಾವು ನಿಯಮ ಮಾಡಿಕೊಳ್ಳದಿದ್ದರೆ ದೂರದಲ್ಲಿ ಕುಳಿತವರು ಮಾಡುತ್ತಾರೆ. ಅವರಿಗೆ ನಮ್ಮ ಹಳ್ಳದ ಹೆಸರೂ ಗೊತ್ತಿರುವುದಿಲ್ಲ.

ಅಧ್ಯಯನ ಕೂಟಗಳಲ್ಲಿ ಚರ್ಚಿಸಲು ಪ್ರಶ್ನೆಗಳು

(1) ನಿಮ್ಮ ತೋಟಕ್ಕೆ ನೀರು ಬರುವ ಹಳ್ಳದ ಮೇಲ್ಭಾಗ ಯಾರ ಯಾರ ಅನುಭವದಲ್ಲಿದೆ? ನಿಮ್ಮಿಂದ ಇಳಿದ ನೀರು ಯಾರ ತೋಟಕ್ಕೆ ಹೋಗುತ್ತದೆ?

(2) ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ತೋಟದಿಂದ ಹೋದ ಕಾಡುಜಾತಿಯ ಮರಗಳೆಷ್ಟು? ಆ ಜಾಗದಲ್ಲಿ ಈಗ ಏನು ನಿಂತಿದೆ?

(3) ಸುತ್ತಳತೆ 5 ಅಡಿ, ಉದ್ದ 12 ಅಡಿಯ ದಿಮ್ಮಿಯಲ್ಲಿ ಎಷ್ಟು ಘನ ಅಡಿ? (ಉತ್ತರ: 18.75)

(4) ಮೇಲಿನ ಏಳು ಅಂಶಗಳಲ್ಲಿ ನಿಮ್ಮ ಊರಿಗೆ ಹೊಂದದ್ದು ಯಾವುದು? ಬದಲಿಗೆ ಏನು ಸೂಚಿಸುವಿರಿ?

ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಬರೆದು ಮಳೆಗಾಲಕ್ಕೆ ಮೊದಲು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಸಸಿಗಳಿಗೆ ಗುರುತು ಹಾಕುವ ಕೆಲಸ ಮಾತ್ರ ಅಭಿಪ್ರಾಯಕ್ಕಾಗಿ ಕಾಯಬೇಕಾಗಿಲ್ಲ. ಈ ಬಾರಿಯ ಮರಗಸಿಗೆ ಆಳುಗಳು ಬರುವ ಮುನ್ನವೇ ಒಂದು ಸುತ್ತು ಹೋಗಿ ಬನ್ನಿರಿ.

ಕಾರ್ಯದರ್ಶಿ